ಸಹಕಾರಿ ಪಿತಾಮಹ ರೈಫಿಸನ್: ಒಂದು ಪ್ರಾಮಾಣಿಕ ಬದುಕು



ನಮ್ಮ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕೆಂದು ಸಂಪಾದಕ ಮಂಡಳಿಯವರು ಹಠ ಹಿಡಿದರು. ನಾನು ಕಲಿತದ್ದು ಎಸ್ಸೆಸ್ಸೆಲ್ಸಿ. ಕೈಯಲ್ಲಿ ಹೆಚ್ಚಾಗಿ ಇರುವುದು ಕತ್ತಿ, ಹಾರೆ. ಆದರೂ ಡೈರೆಕ್ಟರ್ ಆಗಿ ಕೂತ ಮೇಲೆ ಸಹಕಾರಿ ತರಬೇತಿ ಶಿಬಿರಗಳಿಗೆ ಹೋಗಿ ಕೇಳಿದ್ದು, ಅವರು ಕೊಟ್ಟ ಪುಸ್ತಕ ಓದಿದ್ದು ಸ್ವಲ್ಪ ಉಂಟು. ಆ ಶಿಬಿರಗಳಲ್ಲಿ ಪ್ರತಿ ಸಲ ಒಂದು ಹೆಸರು ಬರುತ್ತದೆ, ರೈಫಿಸನ್. ಭಾಷಣಕಾರರು ಹೆಸರು ಹೇಳಿ, ಜರ್ಮನಿಯವರು ಅಂತ ಹೇಳಿ, ಮುಂದಿನ ವಿಷಯಕ್ಕೆ ಹೋಗಿಬಿಡುತ್ತಾರೆ. ಅವರು ಯಾರು, ಏನು ಮಾಡಿದರು, ಯಾಕೆ ಮಾಡಿದರು ಅಂತ ವಿವರವಾಗಿ ಹೇಳಿದವರು ಕಡಿಮೆ. ನಮ್ಮ ಜಿಲ್ಲೆಯಲ್ಲಿ ಮೊಳಹಳ್ಳಿ ಶಿವರಾಯರ ಫೋಟೋ ಇಲ್ಲದ ಸೊಸೈಟಿ ಇಲ್ಲ. ಶಿವರಾಯರು ಹಿಡಿದ ದಾರಿಯನ್ನು ಮೊದಲು ಕಡಿದವರು ಈ ರೈಫಿಸನ್. ಹಾಗಾಗಿ ಅವರ ಬಗ್ಗೆಯೇ ಬರೆಯೋಣ ಅಂತ ಮನಸ್ಸು ಮಾಡಿದೆ.

ಪೂರ್ತಿ ಹೆಸರು ಫ್ರೆಡ್ರಿಕ್ ವಿಲ್ಹೆಲ್ಮ್ ರೈಫಿಸನ್. ಹುಟ್ಟಿದ್ದು 1818ನೇ ಮಾರ್ಚ್ 30ರಂದು, ಜರ್ಮನಿಯ ಝೀಗ್ ಎಂಬ ಹೊಳೆಯ ದಡದ ಹಾಮ್ ಎಂಬ ಹಳ್ಳಿಯಲ್ಲಿ. ಒಂಬತ್ತು ಮಕ್ಕಳಲ್ಲಿ ಏಳನೆಯವರು. ತಂದೆ ಬೇಸಾಯ ಮಾಡಿಕೊಂಡು ಕೆಲವು ಕಾಲ ಊರಿನ ಮೇಯರ್ ಕೂಡ ಆಗಿದ್ದರು. ಆದರೆ ಅವರ ದೆಸೆ ಸರಿಯಾಗಿ ನಡೆಯಲಿಲ್ಲ, ಮನೆಯ ಭಾರವೆಲ್ಲ ತಾಯಿಯ ತಲೆಗೆ ಬಂತು. ಆ ತಾಯಿ ಬಹಳ ದೈವಭಕ್ತೆ. ಹುಡುಗನಿಗೆ ಶಾಲೆ ಸಿಕ್ಕಿದ್ದು ಹದಿನಾಲ್ಕು ವರ್ಷದವರೆಗೆ ಮಾತ್ರ. ಮುಂದೆ ಹೈಸ್ಕೂಲು, ಕಾಲೇಜು ಅಂತ ಕಳಿಸಲು ಹಣ ಇರಲಿಲ್ಲ. ಊರಿನ ಇಗರ್ಜಿಯ ಪಾದ್ರಿಗಳಾದ ಝೈಪೆಲ್ ಎಂಬವರು ಮೂರು ವರ್ಷ ತಮ್ಮ ಹತ್ತಿರ ಕೂರಿಸಿ ಪಾಠ ಹೇಳಿಕೊಟ್ಟರು. ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ನಿಲ್ಲಿಸಿದವರಿಗೆ ಇದು ಸ್ವಲ್ಪ ಸಮಾಧಾನದ ಸಂಗತಿ. ಪ್ರಪಂಚದ ಸಹಕಾರಿಗಳೆಲ್ಲ ಹೆಸರು ಹೇಳುವ ಈ ಮನುಷ್ಯ ಕಾಲೇಜು ಮೆಟ್ಟಿಲು ಹತ್ತಿದವರಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆಯ ಕ್ರೈಸ್ತರಲ್ಲಿ ಹೆಚ್ಚಿನವರು ಕಥೊಲಿಕರು. ರೈಫಿಸನ್ ಪ್ರೊಟೆಸ್ಟೆಂಟ್ ಪಂಗಡದವರು. ಮಂಗಳೂರಿಗೆ 1834ರಲ್ಲಿ ಬಂದು ಆಮೇಲೆ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಬಾಸೆಲ್ ಮಿಶನಿನವರ ಹಾಗೆ ಅಂತ ತಿಳಿದರೆ ಸಾಕು. ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಇಳಿದಾಗ ರೈಫಿಸನ್ ಹದಿನಾರು ವರ್ಷದ ಹುಡುಗ. ಅವರು ಯಾರನ್ನೂ ಮತಾಂತರ ಮಾಡಲು ಸೊಸೈಟಿ ಕಟ್ಟಿದವರಲ್ಲ. ಅವರ ಸಂಘಗಳಲ್ಲಿ ಪ್ರೊಟೆಸ್ಟೆಂಟರೂ ಇದ್ದರು, ಕಥೊಲಿಕರೂ ಇದ್ದರು. ಎಷ್ಟೋ ಊರುಗಳಲ್ಲಿ ಕಥೊಲಿಕ್ ಪಾದ್ರಿಗಳೇ ಮುಂದೆ ನಿಂತು ಸಂಘ ಮಾಡಿದ್ದಾರೆ. ಆದರೆ ಅವರು ಏನು ಮಾಡಿದರೂ ಅದರ ಬುಡದಲ್ಲಿ ಅವರ ಧರ್ಮಶ್ರದ್ಧೆ ಇತ್ತು. ಅದನ್ನು ಬಿಟ್ಟು ಅವರ ಕತೆ ಹೇಳಿದರೆ ತೆಂಗಿನ ಮರದ ಬೊಂಡ ತೋರಿಸಿ ಬೇರು ಮುಚ್ಚಿಟ್ಟ ಹಾಗೆ.

ಹದಿನೇಳನೆಯ ವರ್ಷಕ್ಕೆ ಅವರು ಸೈನ್ಯಕ್ಕೆ ಸೇರಿದರು. ಫಿರಂಗಿ ದಳ. ಹುಷಾರು ಹುಡುಗ, ಲೆಕ್ಕದಲ್ಲಿ ಗಟ್ಟಿ, ಮೇಲೆ ಹೋಗುವ ಎಲ್ಲ ಲಕ್ಷಣ ಇತ್ತು. ಆದರೆ ಕಣ್ಣಿನ ಕಾಯಿಲೆ ಹಿಡಿಯಿತು. ಅದು ಕೊನೆಯವರೆಗೂ ಬಿಡಲಿಲ್ಲ. 1843ರಲ್ಲಿ ಸೈನ್ಯ ಬಿಡಬೇಕಾಯಿತು. ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿ, 1845ರಲ್ಲಿ ವಯರ್‌ಬುಶ್ ಎಂಬ ಊರಿಗೆ ಮೇಯರ್ ಆದರು. ಆಗ ವಯಸ್ಸು ಇಪ್ಪತ್ತೇಳು ಮಾತ್ರ. ಮೇಯರ್ ಅಂದರೆ ನಮ್ಮ ಮಂಗಳೂರು ಮೇಯರ್ ಅಂತ ತಿಳಿಯಬಾರದು. ಇಪ್ಪತ್ತಕ್ಕೂ ಮಿಕ್ಕಿ ಸಣ್ಣ ಸಣ್ಣ ಹಳ್ಳಿಗಳನ್ನು ನೋಡಿಕೊಳ್ಳುವ ಸರಕಾರಿ ಹುದ್ದೆ ಅದು. ನಮ್ಮ ಹಳೆಯ ಪಟೇಲರಿಗೂ ತಹಶೀಲ್ದಾರರಿಗೂ ಮಧ್ಯದ್ದು ಅನ್ನಬಹುದು. ಅದೇ ವರ್ಷ ಎಮಿಲಿ ಎಂಬವರೊಂದಿಗೆ ಮದುವೆಯಾಯಿತು.

ಆ ಸೀಮೆ ಗುಡ್ಡಗಾಡು. ಮಣ್ಣು ತೆಳು, ಚಳಿ ಜಾಸ್ತಿ, ಜಾಗ ತುಂಡು ತುಂಡು. ಜನರ ಆಹಾರ ಬಟಾಟೆ ಮತ್ತು ರೈ ಎಂಬ ಧಾನ್ಯದ ರೊಟ್ಟಿ. 1846ರಲ್ಲಿ ಬಟಾಟೆಗೆ ರೋಗ ಬಂತು, ಧಾನ್ಯವೂ ಕೈಕೊಟ್ಟಿತು. ನಮ್ಮಲ್ಲಿ ಅಡಿಕೆಗೆ ಕೊಳೆರೋಗ ಬಂದರೆ ವರ್ಷದ ಆದಾಯ ಹೋಯಿತು ಅಂತ ತಲೆಗೆ ಕೈ ಹಿಡಿದು ಕೂರುತ್ತೇವೆ. ಅಲ್ಲಿ ಹೋದದ್ದು ಆದಾಯ ಅಲ್ಲ, ಊಟ. ಆ ಚಳಿಗಾಲ ಊರಿಡೀ ಹಸಿವು. ನಮ್ಮ ಹಿರಿಯರು ಆಟಿ ತಿಂಗಳ ಕಷ್ಟ ಹೇಳುತ್ತಾರಲ್ಲ, ಹಲಸಿನ ಬೀಜ, ತಗತೆ ಸೊಪ್ಪು ತಿಂದು ದಿನ ದೂಡಿದ್ದು, ಅದರ ಹತ್ತು ಪಾಲು ಅಂತ ಲೆಕ್ಕ ಹಾಕಿ.

ಮೇಲಿನ ಸರಕಾರದಿಂದ ಹಿಟ್ಟು ಬಂತು. ಆದರೆ ಅದರ ಜೊತೆಗೆ ಒಂದು ಆಜ್ಞೆ, ನಗದು ಕೊಟ್ಟವರಿಗೆ ಮಾತ್ರ ಕೊಡಬೇಕು. ಉಪವಾಸ ಬಿದ್ದವನ ಹತ್ತಿರ ನಗದು ಎಲ್ಲಿಂದ ಬರಬೇಕು? ಇಲ್ಲಿ ರೈಫಿಸನ್ ಅವರ ಗುಣ ಗೊತ್ತಾಗುವುದು. ಹಿಟ್ಟನ್ನು ಉಗ್ರಾಣದಲ್ಲಿ ಬೀಗ ಹಾಕಿಟ್ಟು ಕಾಗದ ಪತ್ರ ಬರೆಯುತ್ತಾ ಕೂತಿದ್ದರೆ ಅವರ ಮೇಲೆ ಯಾರೂ ತಪ್ಪು ಹೊರಿಸುತ್ತಿರಲಿಲ್ಲ. ಅವರು ಊರಿನ ಉಳ್ಳವರನ್ನು ಕರೆದರು, ಒಂದು ಸಮಿತಿ ಮಾಡಿದರು, ಅವರ ಹಣ ಮತ್ತು ಜವಾಬ್ದಾರಿ ಹಾಕಿಸಿ ಬಡವರಿಗೆ ಹಿಟ್ಟು ಸಾಲವಾಗಿ ಕೊಟ್ಟರು. ಆಜ್ಞೆ ಮೀರಿದ್ದು ನಿಜ. ಮರೆಮಾಚಿ ಮಾಡಲಿಲ್ಲ, ಯಾರಿಗೆ ಎಷ್ಟು ಅಂತ ಲೆಕ್ಕ ಇಟ್ಟೇ ಮಾಡಿದರು. ಆಮೇಲೆ ಊರಿಗೊಂದು ಸಾಮೂಹಿಕ ಒಲೆ ಕಟ್ಟಿಸಿ ರೊಟ್ಟಿ ಸುಡಿಸಿ, ಪೇಟೆಯ ಕ್ರಯದ ಅರ್ಧದಷ್ಟಕ್ಕೆ ಸಿಗುವ ಹಾಗೆ ಮಾಡಿದರು. ಮುಂದಿನ ಬಿತ್ತನೆಗೆ ಬಟಾಟೆ ಬೀಜ ಕೂಡ ತರಿಸಿದರು. ಈ ರೊಟ್ಟಿ ಸಂಘವೇ ಅವರ ಮೊದಲ ಸಂಘ, 1846-47ನೇ ಚಳಿಗಾಲದ್ದು.

ಒಬ್ಬ ಅಧಿಕಾರಿ ನಿಯಮ ಮೀರಿದ್ದನ್ನು ಪ್ರಾಮಾಣಿಕತೆ ಅಂತ ಹೊಗಳಬಹುದೋ ಅಂತ ಕೇಳುವವರು ಇದ್ದಾರೆ. ನಮ್ಮ ಬೋರ್ಡಿನಲ್ಲೂ ನಿಯಮದ ಚರ್ಚೆ ಬಂದಾಗ ಎರಡು ಪಕ್ಷ ಆಗುವುದುಂಟು. ನನ್ನ ಅಭಿಪ್ರಾಯ ಇಷ್ಟು: ತನಗಾಗಿ ನಿಯಮ ಮೀರಿದವನ ಲೆಕ್ಕ ಪುಸ್ತಕ ಯಾವಾಗಲೂ ಮಸುಕಾಗಿರುತ್ತದೆ, ಇವರದ್ದು ಕನ್ನಡಿಯ ಹಾಗೆ ಇತ್ತು. ವ್ಯತ್ಯಾಸ ಅಲ್ಲಿ ಉಂಟು.

ವಯರ್‌ಬುಶ್‌ನಲ್ಲಿ ಅವರು ಶಾಲೆ ಕಟ್ಟಿಸಿದರು. ಮಾಲು ಪೇಟೆಗೆ ಹೋಗಲು ದಾರಿ ಬೇಕು ಅಂತ ರೈನ್ ನದಿಯ ಕಡೆಗೆ ರಸ್ತೆ ಮಾಡಿಸಲು ಹೊರಟರು. ಒಂದು ಕಾಲದಲ್ಲಿ ನಮ್ಮ ಬಂಟ್ವಾಳ ಪೇಟೆ ಬೆಳೆದದ್ದು ನೇತ್ರಾವತಿಯಲ್ಲಿ ದೋಣಿ ಬರುತ್ತಿತ್ತು ಅಂತಲೇ ಅಲ್ಲವೇ, ಹಾಗೆ ಅವರಿಗೂ ನದಿ ಮುಟ್ಟಿದರೆ ಪೇಟೆ ಮುಟ್ಟಿದ ಹಾಗೆ. ಅವರು ಮೂರು ಕಡೆ ಮೇಯರ್ ಆದಾಗಲೂ ಆ ರಸ್ತೆಯನ್ನು ಮುಂದೆ ಮುಂದೆ ತಳ್ಳುತ್ತಾ ಹೋದರು. ಈಗ ಆ ರಸ್ತೆಗೆ ಅವರದೇ ಹೆಸರು.

1848ರಲ್ಲಿ ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿಗೆ ವರ್ಗವಾಯಿತು. ಅಲ್ಲಿ ಮೂವತ್ತಕ್ಕೂ ಹೆಚ್ಚು ಹಳ್ಳಿ. ಅಲ್ಲಿ ಕಂಡದ್ದು ಹಸಿವಿಗಿಂತ ದೊಡ್ಡ ಇನ್ನೊಂದು ಕಾಯಿಲೆ, ಸಾಲ. ಅದರ ಕ್ರಮ ಹೀಗೆ. ಬಡ ರೈತನಿಗೆ ಉಳಲು, ಗೊಬ್ಬರಕ್ಕೆ, ಹಾಲಿಗೆ ದನ ಬೇಕು. ಕೈಯಲ್ಲಿ ಹಣ ಇಲ್ಲ. ದನದ ವ್ಯಾಪಾರಿ ಬಂದು ದನ ಕಟ್ಟಿ ಹೋಗುತ್ತಾನೆ. ದನ ವ್ಯಾಪಾರಿಯದ್ದೇ, ಹುಲ್ಲು ಹಾಕುವುದು ರೈತ. ಕರು ಹಾಕಿದರೆ ಅದರಲ್ಲಿ ಪಾಲು, ಹಣ ತಪ್ಪಿದರೆ ಬಡ್ಡಿಗೆ ಬಡ್ಡಿ, ವಾಯಿದೆ ಮೀರಿದರೆ ಕೊಬ್ಬಿದ ದನವನ್ನು ಹೊಡೆದುಕೊಂಡು ಹೋಗಿ ಬಡಕಲು ದನ ಕಟ್ಟುತ್ತಾನೆ. ಕೊನೆಗೆ ಜಾಗವೇ ಹೋಗುತ್ತದೆ. ನಮ್ಮ ಅಜ್ಜಂದಿರ ಬಾಯಲ್ಲಿ ಕೇಳಿದ್ದು ಇದಕ್ಕಿಂತ ಬೇರೆ ಏನಲ್ಲ. ಮಳೆಗಾಲದಲ್ಲಿ ಒಂದು ಮುಡಿ ಅಕ್ಕಿ ತಂದರೆ ಕೊಯ್ಲಿಗೆ ಒಂದೂವರೆ ಮುಡಿ ಅಳೆಯಬೇಕಿತ್ತು. ಅಡಿಕೆ ಇನ್ನೂ ಮರದಲ್ಲಿರುವಾಗಲೇ ಮುಂಗಡ ತಂದು, ಕ್ರಯ ಅವರು ಹೇಳಿದ್ದೇ ಕ್ರಯ. ಊರು ಬೇರೆ, ಭಾಷೆ ಬೇರೆ, ಉರುಳು ಒಂದೇ.

ಈ ವಿಷಯದಲ್ಲಿ ರೈಫಿಸನ್ ಅವರ ಒಂದು ಕೊರತೆಯನ್ನೂ ಹೇಳಬೇಕು. ಆ ಸೀಮೆಯ ದನದ ವ್ಯಾಪಾರಿಗಳಲ್ಲಿ ಯಹೂದಿಗಳು ಹಲವರಿದ್ದರು. ರೈಫಿಸನ್ ಕೆಲವು ಕಡೆ ಆ ಜನಾಂಗವನ್ನೇ ಒಟ್ಟಾಗಿ ದೂರಿದ್ದಾರೆ. ಸುಲಿದವನ ಮೇಲೆ ಕೋಪ ಬರಬೇಕಾದದ್ದೇ, ಜಾತಿಯ ಮೇಲೆ ಬರಬಾರದಿತ್ತು. ಅವರ ದೇಶದವರೇ ಈಗ ಇದನ್ನು ಎತ್ತಿ ಹೇಳುತ್ತಾರೆ. ಜಾತ್ರೆಯ ದೇವರ ಹಾಗೆ ಹೊತ್ತು ಮೆರೆಸುವ ಬದಲು ಮನುಷ್ಯನನ್ನು ಮನುಷ್ಯನಾಗಿಯೇ ನೋಡುವುದು ಒಳ್ಳೆಯದು.

1849ರ ಡಿಸೆಂಬರಿನಲ್ಲಿ ಅಲ್ಲಿ ಒಂದು ಸಹಾಯಕ ಸಂಘ ಮಾಡಿದರು. ಸುಮಾರು ಅರುವತ್ತು ಮಂದಿ ಅನುಕೂಲಸ್ಥರು ತಮ್ಮ ಆಸ್ತಿಯನ್ನೆಲ್ಲ ಜಾಮೀನು ಕೊಟ್ಟು ಹಣ ಎತ್ತಿದರು. ಆ ಹಣದಿಂದ ಸಂಘವೇ ದನ ತೆಗೆದು ರೈತರಿಗೆ ಕೊಟ್ಟಿತು. ಐದು ವರ್ಷದಲ್ಲಿ ಕಂತು ಕಂತಾಗಿ ತೀರಿಸಿದರೆ ಸಾಕು. ಆಮೇಲೆ ದನದ ಬದಲು ಹಣವನ್ನೇ ಸಾಲ ಕೊಡಲು ಶುರು ಮಾಡಿದರು.

1852ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿಗೆ ಮೂರನೆಯ ವರ್ಗ. ಇದು ರೈನ್ ನದಿಯ ಬಳಿ, ನೊಯ್‌ವೀಡ್ ಪೇಟೆಗೆ ತಾಗಿಕೊಂಡೇ ಉಂಟು. 1854ರಲ್ಲಿ ಇಲ್ಲಿಯೂ ಒಂದು ಧರ್ಮಾರ್ಥ ಸಂಘ. ಅದರ ಕೆಲಸದ ಪಟ್ಟಿ ನೋಡಿದರೆ ಆಶ್ಚರ್ಯ ಆಗುತ್ತದೆ. ಸಾಲ ಕೊಡುವುದು ಒಂದು. ಅನಾಥ ಮಕ್ಕಳನ್ನು ಸಾಕುವುದು, ಕೆಲಸವಿಲ್ಲದವರಿಗೆ ಕೆಲಸ ಹುಡುಕುವುದು, ಜೈಲಿನಿಂದ ಬಿಟ್ಟು ಬಂದವರನ್ನು ದಾರಿಗೆ ಹಚ್ಚುವುದು, ಊರಿಗೆ ಪುಸ್ತಕ ಭಂಡಾರ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯ ಓದಿದವರಿಗೆ ಈ ಪಟ್ಟಿ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಹಸಿದವನಿಗೆ, ಬಟ್ಟೆ ಇಲ್ಲದವನಿಗೆ, ಸೆರೆಯಲ್ಲಿರುವವನಿಗೆ ಮಾಡಿದ್ದು ದೇವರಿಗೇ ಮಾಡಿದ್ದು ಎಂಬ ಅರ್ಥದ ಭಾಗ ಅದು. ರೈಫಿಸನ್ ತಮ್ಮ ಜೀವನದಲ್ಲಿ ಮತ್ತೆ ಮತ್ತೆ ಹಿಡಿದುಕೊಂಡದ್ದು ಆ ಅಧ್ಯಾಯವನ್ನೇ. ಭಾನುವಾರ ಇಗರ್ಜಿಯಲ್ಲಿ ಕೇಳಿ ಸೋಮವಾರ ಮರೆಯುವುದಕ್ಕೆ ಆಗುವುದಿಲ್ಲ ಎಂಬ ಜಾತಿಯ ಮನುಷ್ಯ.

ಆದರೆ ಈ ಸಂಘ ಬಾಳಲಿಲ್ಲ. ಇದು ಬಹಳ ಮುಖ್ಯ, ದಯವಿಟ್ಟು ಗಮನ ಕೊಡಬೇಕು. ಶ್ರೀಮಂತರು ಸದಸ್ಯರು, ಬಡವರು ಸಾಲ ತೆಗೆಯುವವರು, ಇಬ್ಬರ ನಡುವೆ ಕೌಂಟರು. ಕೊಡುವವರಿಗೆ ನಾಲ್ಕು ವರ್ಷದಲ್ಲಿ ಉತ್ಸಾಹ ಇಳಿಯಿತು. ತೆಗೆದುಕೊಂಡವರಿಗೆ ಸಂಘ ತಮ್ಮದು ಅಂತ ಅನಿಸಲಿಲ್ಲ. ರೈಫಿಸನ್‌ರಿಗೆ ಇದು ದೊಡ್ಡ ಪೆಟ್ಟು. ಧರ್ಮದ ಮೇಲೆ ನಂಬಿಕೆ ಇಟ್ಟ ಮನುಷ್ಯ, ದಾನದಿಂದಲೇ ಎಲ್ಲ ಆಗುತ್ತದೆ ಅಂತ ತಿಳಿದಿದ್ದರು. ಆ ಕಾಲದಲ್ಲೇ ಶುಲ್ಟ್ಸೆ ಡೆಲಿಟ್ಶ್ ಎಂಬ ಇನ್ನೊಬ್ಬ ಜರ್ಮನ್ ಮುಖಂಡರು ಪೇಟೆಯ ಕುಶಲಕರ್ಮಿಗಳ ನಡುವೆ ಬ್ಯಾಂಕ್ ಕಟ್ಟುತ್ತಾ, ದಾನ ಬೇಡ, ಸ್ವಸಹಾಯ ಬೇಕು ಅಂತ ವಾದಿಸುತ್ತಿದ್ದರು. ಮನಸ್ಸಿಲ್ಲದ ಮನಸ್ಸಿನಿಂದ ರೈಫಿಸನ್ ಅದನ್ನು ಒಪ್ಪಿದರು. 1864ರಲ್ಲಿ ಹೆಡ್ಡೆಸ್‌ಡಾರ್ಫಿನ ಸಂಘವನ್ನು ಸಾಲ ಸಹಕಾರ ಸಂಘ ಅಂತ ಬದಲಿಸಿದರು. ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು, ಸದಸ್ಯರೆಲ್ಲರೂ ಸಂಘದ ಸಾಲಕ್ಕೆ ತಮ್ಮ ಆಸ್ತಿಯೊಂದಿಗೆ ಹೊಣೆ. ನಮ್ಮ ಇವತ್ತಿನ ಸಿ.ಎ. ಬ್ಯಾಂಕುಗಳ ಮುತ್ತಜ್ಜ ಹುಟ್ಟಿದ್ದು ಇಲ್ಲಿ.

ಈ ಸಂಘದ ನಿಯಮಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೈಫಿಸನ್‌ರ ಧರ್ಮ ಯಾವುದು ಅಂತ ತಿಳಿಯಬೇಕಾದರೆ ಅವರ ಪ್ರಾರ್ಥನೆಗಿಂತ ಈ ನಿಯಮ ನೋಡುವುದು ಒಳ್ಳೆಯದು.

ಸಂಘದ ವ್ಯಾಪ್ತಿ ಸಣ್ಣದು, ಹೆಚ್ಚು ಕಮ್ಮಿ ಒಂದು ಇಗರ್ಜಿಯ ವ್ಯಾಪ್ತಿಯಷ್ಟು. ಯಾಕೆಂದರೆ ಒಬ್ಬರಿಗೊಬ್ಬರು ಗೊತ್ತಿರಬೇಕು. ಅವನು ಕುಡಿಯುತ್ತಾನೋ, ದುಡಿಯುತ್ತಾನೋ, ಕೊಟ್ಟ ಮಾತು ಉಳಿಸುತ್ತಾನೋ ಇಲ್ಲವೋ ಅಂತ ನೆರೆಕರೆಯವನಿಗೆ ಗೊತ್ತಿರುವಷ್ಟು ಯಾವ ಇನ್‌ಸ್ಪೆಕ್ಟರಿಗೂ ಗೊತ್ತಿರುವುದಿಲ್ಲ. ಬ್ಯಾಂಕಿನವರು ಆಸ್ತಿ ನೋಡುತ್ತಾರೆ, ಇವರು ನಡತೆಯನ್ನೇ ಆಧಾರ ಮಾಡಿದರು. ಬಡವನಿಗೆ ಅಡವಿಡಲು ಬೇರೆ ಏನಿರುತ್ತದೆ? ಸಾಲ ಯಾವ ಉದ್ದೇಶಕ್ಕೆ ಅಂತ ಹೇಳಬೇಕು, ಆ ಉದ್ದೇಶಕ್ಕೇ ಖರ್ಚು ಮಾಡಬೇಕು. ಬೇರೆಯದಕ್ಕೆ ಬಳಸಿದರೆ ವಾಯಿದೆಗೆ ಮೊದಲೇ ನೋಟೀಸು ಕೊಟ್ಟು ವಾಪಸು ಕೇಳುವ ಹಕ್ಕು ಸಂಘಕ್ಕೆ ಇತ್ತು. ಆದರೆ ವಾಯಿದೆ ಮಾತ್ರ ಉದ್ದ, ವರ್ಷಗಟ್ಟಲೆ. ಹೊಲದಲ್ಲಿ ಹಾಕಿದ ಹಣ ಮೂರು ತಿಂಗಳಲ್ಲಿ ವಾಪಸು ಬರುವುದಿಲ್ಲ ಅಂತ ರೈತನ ಮಗನಿಗೆ ಗೊತ್ತಿತ್ತು. ಇದೇ ವಿಷಯಕ್ಕೆ ಶುಲ್ಟ್ಸೆಯವರೊಂದಿಗೆ ಮುಂದೆ ವರ್ಷಗಟ್ಟಲೆ ಜಗಳ ನಡೆಯಿತು. ಜನರ ಸಣ್ಣ ಅವಧಿಯ ಠೇವಣಿ ತೆಗೆದುಕೊಂಡು ಉದ್ದದ ಸಾಲ ಕೊಟ್ಟರೆ ಸಂಘ ಮುಳುಗುತ್ತದೆ ಎಂಬುದು ಅವರ ವಾದ. ತಳ್ಳಿಹಾಕುವ ವಾದವೂ ಅಲ್ಲ ಅದು. ಅದಕ್ಕೆ ಉತ್ತರವಾಗಿಯೇ ರೈಫಿಸನ್ 1872ರಿಂದ ಮೇಲಿನ ಹಂತದ ಬ್ಯಾಂಕುಗಳನ್ನು ಕಟ್ಟಿದರು. ಒಂದು ಸಂಘದಲ್ಲಿ ಹೆಚ್ಚಾದ ಹಣ ಇನ್ನೊಂದು ಸಂಘದ ಕೊರತೆಗೆ ಬರಲಿ ಅಂತ. ನಮ್ಮ ಸೊಸೈಟಿಗೆ ಜಿಲ್ಲಾ ಕೇಂದ್ರ ಬ್ಯಾಂಕು, ಅದಕ್ಕೆ ಮೇಲೆ ಅಪೆಕ್ಸ್ ಬ್ಯಾಂಕು ಅಂತ ಇರುವ ಏಣಿ ಅದೇ ಮಾದರಿಯದ್ದು.

ಎಲ್ಲಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ಇದು. ಸಂಘದ ಆಡಳಿತದವರಿಗೆ ಸಂಬಳ ಇಲ್ಲ, ಭತ್ಯೆ ಇಲ್ಲ, ಕಮಿಶನ್ ಇಲ್ಲ. ಲೆಕ್ಕ ಬರೆಯುವವನಿಗೆ ಮಾತ್ರ ಸಂಬಳ. ಆ ಲೆಕ್ಕದವನು ಆಡಳಿತ ಮಂಡಳಿಯಲ್ಲಿ ಕೂರುವಂತಿಲ್ಲ. ಅಂದರೆ ಹಣ ಮುಟ್ಟುವವನಿಗೆ ತೀರ್ಮಾನ ಮಾಡುವ ಅಧಿಕಾರ ಇಲ್ಲ, ತೀರ್ಮಾನ ಮಾಡುವವನ ಕೈಗೆ ಹಣ ಇಲ್ಲ. ದೇವರ ಮೇಲೆ ಅಷ್ಟು ನಂಬಿಕೆ ಇದ್ದ ಮನುಷ್ಯ, ಮನುಷ್ಯರ ವಿಷಯದಲ್ಲಿ ಹುಷಾರಾಗಿಯೇ ಇದ್ದರು ನೋಡಿ. ನಂಬಿಕೆ ಬೇರೆ, ಬೀಗದ ಕೈ ಬೇರೆ. ನನಗೆ ಗೊತ್ತಿರುವ ಒಂದು ಸೊಸೈಟಿಯಲ್ಲಿ, ಹೆಸರು ಬೇಡ, ಈ ಎರಡೂ ಒಬ್ಬನ ಕೈಯಲ್ಲಿ ಇತ್ತು. ಅಡವಿಟ್ಟ ಚಿನ್ನದ ಗಂಟು ಬಿಚ್ಚಿದಾಗ ಒಳಗೆ ಇದ್ದದ್ದು ಬೇರೆ. ಮಗಳ ಮದುವೆಗೆ ಅಂತ ಬೀಡಿ ಕಟ್ಟಿ ಉಳಿಸಿದ ಹಣ ಠೇವಣಿ ಇಟ್ಟ ಹೆಂಗಸರು ಎಷ್ಟು ತಿಂಗಳು ಮೆಟ್ಟಿಲು ಹತ್ತಿ ಇಳಿದರು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಡೈರೆಕ್ಟರುಗಳು ಕೆಟ್ಟವರಲ್ಲ. ಹಾಜರಿಗೆ ಸಹಿ ಹಾಕಿ, ಚಾ ಕುಡಿದು, ಅವನೇ ನೋಡಿಕೊಳ್ಳುತ್ತಾನೆ ಅಂತ ಎದ್ದು ಬಂದವರು. ಅಷ್ಟೇ.

ಇನ್ನೊಂದು ನಿಯಮ ಲಾಭದ್ದು. ಅವರಿಗೆ ಶೇರು, ಡಿವಿಡೆಂಡು ಎಂಬುದೇ ಬೇಡವಾಗಿತ್ತು. ಕಾನೂನು ಒತ್ತಾಯ ಮಾಡಿದ ಮೇಲೆ ಶೇರು ಇಟ್ಟರು, ಅದೂ ತೀರಾ ಸಣ್ಣದು. ಉಳಿದ ಲಾಭವೆಲ್ಲ ಯಾರಿಗೂ ಪಾಲಾಗದ ಒಂದು ನಿಧಿಗೆ ಹೋಗಬೇಕು. ಸಂಘ ಮುಚ್ಚಿದರೂ ಸದಸ್ಯರು ಅದನ್ನು ಹಂಚಿಕೊಳ್ಳುವಂತಿಲ್ಲ. ಅದು ಊರಿನದ್ದು, ಇನ್ನೂ ಹುಟ್ಟದ ಮಕ್ಕಳದ್ದು. ಆಸ್ತಿ ಎಂಬುದು ದೇವರು ನೋಡಿಕೊಳ್ಳಲು ಕೊಟ್ಟದ್ದು, ಲೆಕ್ಕ ಒಪ್ಪಿಸಬೇಕಾದವರು ನಾವು ಎಂಬ ಕ್ರೈಸ್ತ ಭಾವನೆಯನ್ನು ಅವರು ಉಪನಿಯಮದ ಕಲಮು ಮಾಡಿದ್ದು ಹೀಗೆ.

ಸ್ವಂತ ಬದುಕಿನಲ್ಲಿ ಅವರಿಗೆ ಸುಖ ಕಡಿಮೆ. ಮಕ್ಕಳಲ್ಲಿ ಉಳಿದದ್ದು ನಾಲ್ಕು ಮಂದಿ. 1863ರಲ್ಲಿ ಹೆಂಡತಿ ಎಮಿಲಿ ತೀರಿಕೊಂಡರು. ಅವರಿಗೂ ಜ್ವರದ ಕಾಯಿಲೆ ಬಂದು ಆರೋಗ್ಯ ಮುರಿಯಿತು, ಕಣ್ಣು ಮಂಜಾಗುತ್ತಾ ಹೋಯಿತು. 1865ರಲ್ಲಿ, ನಲ್ವತ್ತೇಳನೆಯ ವಯಸ್ಸಿಗೇ, ಸರಕಾರ ಅವರನ್ನು ನಿವೃತ್ತಿ ಮಾಡಿತು. ಪಿಂಚಣಿ ತೀರಾ ಸಣ್ಣದು. ಈಗ ಯೋಚಿಸಿ. ಮನೆಯಲ್ಲಿ ತಾಯಿ ಇಲ್ಲದ ನಾಲ್ಕು ಮಕ್ಕಳು, ಅರ್ಧ ಕುರುಡು, ಕೈಯಲ್ಲಿ ಅವರೇ ಹುಟ್ಟಿಸಿದ ಸಂಘಗಳು. ಅಲ್ಲಿಂದ ಒಂದು ಸಂಬಳ ತೆಗೆದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅವರು ಮೊದಲು ಒಂದು ಸಣ್ಣ ಸಿಗಾರ್ ಕಾರ್ಖಾನೆ ಹಾಕಿದರು. ಆಮೇಲೆ ದ್ರಾಕ್ಷಾರಸದ ವ್ಯಾಪಾರ ಮಾಡಿದರು. ಮನೆ ಖರ್ಚು ಅದರಿಂದ, ಸಂಘದ ಕೆಲಸ ಪುಕ್ಕಟೆ. ದೇವಭಕ್ತರು ಸಿಗಾರು, ದ್ರಾಕ್ಷಾರಸ ಮಾರಬಹುದೋ ಅಂತ ನಮ್ಮವರು ಕೇಳಿಯಾರು. ಆ ಊರಿನಲ್ಲಿ ಅದು ನಮ್ಮ ವೀಳ್ಯದೆಲೆ ಅಡಿಕೆಯ ಹಾಗೆ, ಅದರಲ್ಲಿ ದೋಷ ಹುಡುಕುವುದು ಬೇಡ.

ನಿವೃತ್ತಿಯ ಮರುವರ್ಷ, 1866ರಲ್ಲಿ, ಅವರ ಪುಸ್ತಕ ಬಂತು. ಹಳ್ಳಿಯವರು ಸಾಲ ಸಂಘವನ್ನು ಹೇಗೆ ಕಟ್ಟಬೇಕು, ಪುಸ್ತಕ ಹೇಗೆ ಬರೆಯಬೇಕು, ಏನೇನು ಫಾರಂ ಬೇಕು ಅಂತ ಅನುಭವದಿಂದ ಹೇಳುವ ಪುಸ್ತಕ. ಅದನ್ನು ಅವರು ಬರೆದದ್ದಕ್ಕಿಂತ ಬಾಯಲ್ಲಿ ಹೇಳಿ ಬರೆಸಿದ್ದೇ ಹೆಚ್ಚು. ಬರೆದುಕೊಂಡವರು ಹಿರಿಯ ಮಗಳು ಅಮಾಲಿಯೆ. ಈ ಹೆಣ್ಣುಮಗಳ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ತಾಯಿ ತೀರಿದಾಗ ಆಕೆ ಇನ್ನೂ ಹದಿಹರೆಯದವಳು. ತಂದೆಗೆ ಬಂದ ಕಾಗದಗಳನ್ನು ಓದಿ ಹೇಳಿದಳು, ಉತ್ತರ ಬರೆದಳು, ಲೆಕ್ಕ ನೋಡಿದಳು. ಇಪ್ಪತ್ತಕ್ಕೂ ಹೆಚ್ಚು ವರ್ಷ. ಮದುವೆಯಾಗಲಿಲ್ಲ. ಅರ್ಧ ಕುರುಡನೊಬ್ಬ ನೂರಾರು ಸಂಘಗಳನ್ನು ನಡೆಸಿದ್ದು ಹೇಗೆ ಅಂತ ಕೇಳಿದರೆ ಉತ್ತರ ಅಮಾಲಿಯೆ. ಸಹಕಾರಿ ತರಬೇತಿಯಲ್ಲಿ ಯಾರೂ ಈ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ರೈಫಿಸನ್ ಆಮೇಲೆ ಎರಡನೆಯ ಮದುವೆಯಾದರೂ ಮಗಳ ಕೆಲಸ ನಿಲ್ಲಲಿಲ್ಲ.

ಅವರ ಸ್ವಭಾವ ಮೆದು ಅಂತ ತಿಳಿಯಬಾರದು. ಹಠಮಾರಿ. ತನ್ನ ಸಂಘಗಳೆಲ್ಲ ಕ್ರೈಸ್ತ ಧರ್ಮದ ಬುನಾದಿಯಲ್ಲೇ ಇರಬೇಕು, ಎಲ್ಲವೂ ಒಂದೇ ಕೇಂದ್ರದ ಕೆಳಗೆ ಬರಬೇಕು ಅಂತ ಪಟ್ಟು. ವಿಲ್ಹೆಲ್ಮ್ ಹಾಸ್ ಎಂಬ ಇನ್ನೊಬ್ಬ ಸಮರ್ಥ ಸಹಕಾರಿ ಈ ಕಾರಣಕ್ಕೇ ಅವರನ್ನು ಬಿಟ್ಟು ಬೇರೆ ಒಕ್ಕೂಟ ಮಾಡಿದರು. ಸಂಘ ವ್ಯವಹಾರದ್ದು, ಅದರಲ್ಲಿ ಉಪದೇಶ ಬೇಡ ಎಂಬುದು ಹಾಸ್ ಅವರ ನಿಲುವು. ನಮ್ಮ ಹಾಗೆ ಎಲ್ಲ ಜಾತಿ ಮತದವರು ಒಂದೇ ಬೆಂಚಿನಲ್ಲಿ ಕೂರುವ ಊರಿನಲ್ಲಿ ಹಾಸ್ ಹೇಳಿದ್ದೇ ಸರಿಯಾದೀತು. ಆದರೂ ರೈಫಿಸನ್ ಹೆದರಿದ್ದು ಯಾವುದಕ್ಕೆ ಅಂತ ನನಗೆ ಅರ್ಥವಾಗುತ್ತದೆ. ಯಾವುದಕ್ಕೂ ಹೆದರದವನ ಕೈಗೆ ಪರರ ಹಣ ಹೋದರೆ ಏನಾಗುತ್ತದೆ ಎಂಬುದಕ್ಕೆ. ಅವರು ದೇವರಿಗೆ ಹೆದರಿದರು. ಇನ್ನೊಬ್ಬರು ದೈವಕ್ಕೆ ಹೆದರುತ್ತಾರೆ, ಕಾನತ್ತೂರಿನ ಹೆಸರು ಎತ್ತಿದರೆ ಸಾಲ ತಾನಾಗಿ ವಾಪಸು ಬಂದದ್ದನ್ನು ನಮ್ಮ ಕಡೆ ಕೇಳದವರುಂಟೇ? ಮತ್ತೊಬ್ಬರು ತಮ್ಮ ಮನಸ್ಸಾಕ್ಷಿಗೇ ಹೆದರುತ್ತಾರೆ.

1877ರಲ್ಲಿ ಎಲ್ಲ ಸಂಘಗಳಿಗೆ ಸಲಹೆ, ತಪಾಸಣೆ ನೀಡುವ ಒಕ್ಕೂಟ ಆಯಿತು. ಜನ ಅವರನ್ನು ಅಪ್ಪ ರೈಫಿಸನ್ ಅಂತಲೇ ಕರೆಯುತ್ತಿದ್ದರು. ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಇನ್ನು ಮೂರು ವಾರ ಇಲ್ಲ ಅನ್ನುವಾಗ, 1888ನೇ ಮಾರ್ಚ್ 11ರಂದು, ಹೆಡ್ಡೆಸ್‌ಡಾರ್ಫಿನಲ್ಲಿ ತೀರಿಕೊಂಡರು. ಆಗ ಅವರ ಒಕ್ಕೂಟದಲ್ಲಿ ನಾನೂರಕ್ಕೂ ಹೆಚ್ಚು ಸಂಘಗಳಿದ್ದವು.

ಇನ್ನು ಅವರು ನಮ್ಮ ಊರಿಗೆ ಬಂದ ಕತೆ. ಅವರು ಇಂಡಿಯಾ ನೋಡಿದವರಲ್ಲ. 1875ರಲ್ಲಿ ಪುಣೆ, ಅಹಮದ್‌ನಗರ ಕಡೆಯ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರ ಸುಟ್ಟರು. ಬ್ರಿಟಿಷರಿಗೆ ರೈತರ ಸಾಲದ ಬಿಸಿ ತಟ್ಟಿತು. ಮದ್ರಾಸ್ ಸರಕಾರ 1892ರಲ್ಲಿ ಫ್ರೆಡ್ರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಇದರ ಅಧ್ಯಯನಕ್ಕೆ ನೇಮಿಸಿತು. ನಮ್ಮ ದಕ್ಷಿಣ ಕನ್ನಡ ಆಗ ಮದ್ರಾಸಿಗೆ ಸೇರಿದ್ದು, 1956ರವರೆಗೂ ಹಾಗೆಯೇ ಅಲ್ಲವೇ. ನಿಕಲ್ಸನ್ ಯುರೋಪಿನ ಪದ್ಧತಿಗಳನ್ನೆಲ್ಲ ನೋಡಿ 1895 ಮತ್ತು 1897ರಲ್ಲಿ ಎರಡು ದೊಡ್ಡ ಸಂಪುಟ ವರದಿ ಕೊಟ್ಟರು. ಅಷ್ಟು ದಪ್ಪ ವರದಿಯ ಸಾರ ಏನೆಂದರೆ, ಪ್ರತಿ ಹಳ್ಳಿಯಲ್ಲಿ ಒಬ್ಬ ರೈಫಿಸನ್‌ನಂಥವನು ಬೇಕು ಎಂಬುದೇ. ಪದ್ಧತಿ ತರಬಹುದು, ಮನುಷ್ಯ ಸಿಗಬೇಕು ಅಂತ ಅವರಿಗೆ ಹೊಳೆದಿತ್ತು.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಹಳ್ಳಿಯ ಸಂಘಗಳಿಗೆ ರೈಫಿಸನ್‌ರ ಅಪರಿಮಿತ ಹೊಣೆಗಾರಿಕೆಯನ್ನೇ ಇಟ್ಟರು. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಜಿಲ್ಲೆಯಲ್ಲಿ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು 1909ರಲ್ಲಿ ಪುತ್ತೂರಿನಲ್ಲಿ ಶುರು ಮಾಡಿದರು. 1912ರಲ್ಲಿ ಮಂಗಳೂರಿನ ಕಥೊಲಿಕರು ತಮ್ಮದೊಂದು ಸಹಕಾರಿ ಬ್ಯಾಂಕ್ ಮಾಡಿಕೊಂಡರು. 1913-14ರಲ್ಲಿ ಶಿವರಾಯರ ಪ್ರಯತ್ನದಿಂದ ಜಿಲ್ಲಾ ಕೇಂದ್ರ ಬ್ಯಾಂಕು ಪುತ್ತೂರಿನಲ್ಲೇ ಹುಟ್ಟಿತು, ಈಗ ಅದರ ಪ್ರಧಾನ ಕಚೇರಿ ಮಂಗಳೂರಿನಲ್ಲಿ. ಹಿಂದೂ ವಕೀಲರೊಬ್ಬರು ಕ್ರೈಸ್ತ ಮೇಯರೊಬ್ಬರ ಪದ್ಧತಿ ಹಿಡಿದು ಊರೂರು ಸುತ್ತಿದ್ದಕ್ಕೆ ನಮ್ಮ ಅಜ್ಜಂದಿರ ಜಾಗ ಉಳಿಯಿತು.

ಅಪರಿಮಿತ ಹೊಣೆಗಾರಿಕೆ ಈಗ ಇಲ್ಲ. 1954ರ ಗ್ರಾಮೀಣ ಸಾಲ ಸಮೀಕ್ಷೆಯ ವರದಿ ಬಂದ ಮೇಲೆ ಸಂಘಗಳನ್ನು ದೊಡ್ಡದು ಮಾಡಿದರು, ಹೊಣೆ ಶೇರಿನ ಮಟ್ಟಕ್ಕೆ ಇಳಿಯಿತು. ಅದು ಸರಿಯೇ, ಸಾವಿರಾರು ಸದಸ್ಯರಿರುವ ಸಂಘದಲ್ಲಿ ಯಾರದ್ದೋ ಸಾಲಕ್ಕೆ ಯಾರದ್ದೋ ಗದ್ದೆ ಹೋಗುವುದು ನ್ಯಾಯವಲ್ಲ. ಆದರೆ ಅದರ ಜೊತೆಗೆ ಇನ್ನೊಂದು ಹೋಯಿತು. ಪಕ್ಕದ ಮನೆಯವನು ಸುಸ್ತಿ ಬಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ ಎಂಬ ಭಯ ಹೋಯಿತು. ಈಗ ಜಾಮೀನಿಗೆ ಸಹಿ ಹಾಕುವಾಗ ಕಾಗದ ಓದುವವರು ಎಷ್ಟು ಮಂದಿ ಇದ್ದೀರಿ? ಶೂನ್ಯ ಬಡ್ಡಿಗೆ ಬೆಳೆ ಸಾಲ ತೆಗೆದು ಅದನ್ನೇ ಇನ್ನೊಂದು ಕಡೆ ಠೇವಣಿ ಇಡುವವರೂ ಇದ್ದಾರೆ ಅಂತ ಮಾತು ಉಂಟು. ಆ ಬಡ್ಡಿ ಸರಕಾರ ಕೊಡುತ್ತದೆ, ಸರಕಾರದ ಹಣ ನಮ್ಮದೇ. ರೈಫಿಸನ್‌ರ ಸಂಘದಲ್ಲಾದರೆ ಅಂಥವನಿಗೆ ನೋಟೀಸು ಹೋಗುತ್ತಿತ್ತು.

2016ರಲ್ಲಿ ಯುನೆಸ್ಕೊದವರು ಸಹಕಾರಿ ಪದ್ಧತಿಯನ್ನು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿದರು, ಅದನ್ನು ಸೂಚಿಸಿದ್ದು ಜರ್ಮನಿ. 2025ನೇ ಇಸವಿಯನ್ನು ವಿಶ್ವಸಂಸ್ಥೆ ಸಹಕಾರಿ ವರ್ಷ ಅಂತ ಆಚರಿಸಿತು. ಯುರೋಪಿನ ಹಲವು ಊರುಗಳಲ್ಲಿ ಬ್ಯಾಂಕುಗಳ ಬೋರ್ಡಿನಲ್ಲಿ ಇವತ್ತಿಗೂ ರೈಫಿಸನ್ ಎಂಬ ಹೆಸರೇ ಉಂಟು.

ನಮ್ಮಲ್ಲಿ ಉಳಿದದ್ದು ಹೆಸರಲ್ಲ, ಒಂದು ಕಲಮು. ಕರ್ನಾಟಕದ 1959ರ ಸಹಕಾರಿ ಕಾಯಿದೆಯ ಪ್ರಕಾರ ನಿವ್ವಳ ಲಾಭದಲ್ಲಿ ನೂರಕ್ಕೆ 25ಕ್ಕೆ ಕಡಿಮೆಯಾಗದಂತೆ ಮೀಸಲು ನಿಧಿಗೆ ಹಾಕಬೇಕು, ಅದನ್ನು ಸದಸ್ಯರಿಗೆ ಡಿವಿಡೆಂಡು ಅಂತ ಹಂಚುವಂತಿಲ್ಲ. ಮಹಾಸಭೆಯಲ್ಲಿ ಪ್ರತಿ ವರ್ಷ ಯಾರಾದರೊಬ್ಬರು ಎದ್ದು ನಿಂತು, ಲಾಭ ಇಷ್ಟು ಬಂದಿರುವಾಗ ಡಿವಿಡೆಂಡು ಯಾಕೆ ಇಷ್ಟೇ ಅಂತ ಕೇಳುತ್ತಾರೆ. ಕೇಳಲಿ, ಅದು ಸದಸ್ಯರ ಹಕ್ಕು. ಈ ಸಲ ಕೇಳುವವರು ವರದಿ ಪುಸ್ತಕದ ಆಸ್ತಿ ಜವಾಬ್ದಾರಿ ತಖ್ತೆಯಲ್ಲಿ ಮೀಸಲು ನಿಧಿಯ ಸಾಲನ್ನೂ ಒಮ್ಮೆ ನೋಡಿಕೊಂಡು ಬರಬೇಕು. ಆ ಸಾಲಿನಲ್ಲಿರುವ ಹಣ ಯಾರದ್ದು ಅಂತ ಬೋರ್ಡಿನವರನ್ನು ಕೇಳಬೇಕು. ಉತ್ತರ ಹೇಳಲು ನಾನು ವೇದಿಕೆಯ ಮೇಲೆ ಇರುತ್ತೇನೆ.